ಮುಂದಿನದೋ ಹಿಂದಿನದೋ

ಉದ್ಯಾನದ ಉಗ್ರಾಣ ನೋಡಿಕೊಳ್ಳುತ್ತಿದ್ದ ಸ್ಟೋರ್ ಕೀಪರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಮಿಕ್ಕಂತೆ ಎಲ್ಲರ ಬಾಯಲ್ಲೂ ಅವರು ಗೊತ್ತಪ್ಪ. ಯಾರು ಏನು ಹೇಳಲು ಹೊರಟರೂ ಮಾತು ಅರ್ಧ ದಾರಿಗೆ ಬರುವಷ್ಟರಲ್ಲಿ "ಗೊತ್ತು, ಗೊತ್ತು" ಎಂದು ಎದುರುಗೊಂಡು ವಾಪಸು ಕಳಿಸುವುದು ಅವರ ರೂಢಿ. ಹಲ್ಲಿನ ಡಾಕ್ಟರು "ಸ್ವಲ್ಪ ನೋವಾಗುತ್ತೆ" ಅಂದಾಗಲೂ "ಗೊತ್ತು" ಅಂದಿದ್ದರು. ಆಮೇಲೆ ಅವರು ಕಿರುಚಿದ ರಭಸಕ್ಕೆ ಹೊರಗೆ ಕಾಯುತ್ತಿದ್ದ ಮೂವರು ರೋಗಿಗಳು, ನಮ್ಮ ಹಲ್ಲು ನಮಗೇ ಇರಲಿ ಎಂದು ಎದ್ದುಹೋದರು.

ಇಂಥ ಗೊತ್ತಪ್ಪನವರಿದ್ದ ಉದ್ಯಾನಕ್ಕೆ ಹೊಸ ಟ್ರ್ಯಾಕ್ಟರ್ ಬಂತು. ದೊಡ್ಡ ಟ್ರ್ಯಾಕ್ಟರಿನ ಮರಿಯ ಹಾಗೆ, ಎರಡು ಗಿಡಗಳ ನಡುವೆ ನುಸುಳುವಷ್ಟು ಚಿಕ್ಕದು. ಇದಕ್ಕೂ ಮುಂಚೆ ಇದ್ದ ಹಳೇ ಟ್ರ್ಯಾಕ್ಟರು ಹನ್ನೆರಡು ವರ್ಷ ದುಡಿದು ಗುಜರಿಗೆ ಹೋಗಿತ್ತು. ಅದು ಬಂದ ವರ್ಷವೇ ಬಂದಿದ್ದ ಹಿಂದಿನ ಸೂಪರಿಂಟೆಂಡೆಂಟರೂ ಅದು ಹೋದ ತಿಂಗಳೇ ನಿವೃತ್ತರಾಗಿದ್ದರು. ಅವರು ದಢೂತಿ ಮನುಷ್ಯ. ಅಷ್ಟು ವರ್ಷಗಳಲ್ಲಿ ನಾಲ್ಕು ಕುರ್ಚಿ ಮುರಿದಿದ್ದರು, ಯಾರ ಮನಸ್ಸನ್ನೂ ಮುರಿದಿರಲಿಲ್ಲ. ಅವರ ಜಾಗಕ್ಕೆ ಬಂದ ಹೊಸಬರು ನೇರ ಉಲ್ಟಾ. ಅಂಗಿಯನ್ನು ಮೈಗೆ ಹಾಕಿದ್ದಾರೋ ಹ್ಯಾಂಗರಿಗೆ ನೇತುಹಾಕಿದ್ದಾರೋ ತಿಳಿಯದಂಥ ಸಣಕಲು ಮೈ. ಮೂರು ವಾರವಾಗಿತ್ತು ಬಂದು. ತಮ್ಮನ್ನು ಇಲ್ಲಿನವರು ಒಪ್ಪಿಕೊಂಡಿದ್ದಾರೋ ಇಲ್ಲವೋ ಎಂಬ ಅಳುಕು ಇನ್ನೂ ಹೋಗಿರಲಿಲ್ಲ.

ಸೋಮವಾರ ಅವರು ಮೀಟಿಂಗು ಕರೆದರು.

"ಟ್ರ್ಯಾಕ್ಟರಿಗೆ ಹುಲ್ಲು ಕತ್ತರಿಸೋ ಮೆಷಿನ್ ತಗೋಬೇಕು. ಅದು ಎರಡು ಥರ ಬರುತ್ತಂತೆ. ಟ್ರ್ಯಾಕ್ಟರಿನ ಮೂತಿಗೆ ಕಟ್ಟೋದು ಒಂದು, ಬೆನ್ನಿಗೆ ಕಟ್ಟೋದು ಒಂದು. ಶುಕ್ರವಾರ ಕಂಪನಿಯವರು ಎರಡನ್ನೂ ತಂದು ತೋರಿಸ್ತಾರೆ. ಅಷ್ಟರೊಳಗೆ ನಮಗೆ ಮುಂದಿನದು ಸರಿಯೋ ಹಿಂದಿನದು ಸರಿಯೋ ಅಂತ ಯಾರಾದ್ರೂ ಒಂದು ಟಿಪ್ಪಣಿ ಬರೆದು ಕೊಡಿ. ಇದರ ಬಗ್ಗೆ ಯಾರಿಗೆ ಗೊತ್ತು?"

ಆ ಕೊನೆಯ ಶಬ್ದ ಕಿವಿಗೆ ಬಿದ್ದದ್ದೇ ತಡ, ಗೊತ್ತಪ್ಪನವರ ಬಾಯಿ ಅವರ ಅಪ್ಪಣೆಗೂ ಕಾಯದೆ ತೆರೆದುಕೊಂಡಿತು.

"ಗೊತ್ತು ಸಾರ್."

ಬಾಗಿಲ ಹತ್ತಿರ ನಿಂತಿದ್ದ ಡ್ರೈವರಮ್ಮ ಗಂಟಲು ಸರಿಮಾಡಿಕೊಂಡರು. ಬೆನ್ನಿಗೆ ಹುಲ್ಲಿನ ಮೆಷಿನ್ ಕಟ್ಟಿದ್ದ ಹಳೇ ಟ್ರ್ಯಾಕ್ಟರನ್ನು ಹನ್ನೆರಡು ವರ್ಷ ಓಡಿಸಿದವರು ಅವರೇ. "ಸಾರ್, ಅದು ಏನಂದ್ರೆ..."

"ಗೊತ್ತಮ್ಮ, ಗೊತ್ತು," ಅಂದರು ಗೊತ್ತಪ್ಪ. ಡ್ರೈವರಮ್ಮ ಬಲಗಡೆಗೆ ನೋಡಬೇಕಾದರೆ ಕತ್ತನ್ನು ತಿರುಗಿಸುತ್ತಿರಲಿಲ್ಲ, ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಹಾಗೇ ಮೈ ತಿರುಗಿಸಿಕೊಂಡು ಹೊರಗೆ ಹೋದರು.

ಉಗ್ರಾಣಕ್ಕೆ ಮರಳಿದ ಮೇಲೆ ಗೊತ್ತಪ್ಪನವರು ಒಂದು ಬಿಳಿ ಹಾಳೆ ತೆಗೆದುಕೊಂಡು ಮೇಲುಗಡೆ 'ಟಿಪ್ಪಣಿ' ಎಂದು ಬರೆದು ಕೆಳಗೆ ಗೆರೆ ಎಳೆದರು. ಗೆರೆ ಬಹಳ ನೇರವಾಗಿ ಬಂತು. ಅಲ್ಲಿಗೆ ಅವರಿಗೆ ಗೊತ್ತಿದ್ದದ್ದು ಮುಗಿಯಿತು. ಹತ್ತೊಂಬತ್ತು ವರ್ಷದಿಂದ ಆ ಉದ್ಯಾನದ ಗುದ್ದಲಿ, ಪೈಪು, ಗೊಬ್ಬರದ ಚೀಲಗಳನ್ನು ಎಣಿಸಿ ಕೊಟ್ಟವರು ಅವರು. ಆದರೆ ಹುಲ್ಲು ಕತ್ತರಿಸುವ ಮೆಷಿನನ್ನು ಮುಂದಕ್ಕೂ ಕಟ್ಟಬಹುದು ಎಂಬುದನ್ನು ಅವರು ಕೇಳಿದ್ದು ಆವತ್ತೇ ಮೊದಲು.

ಮಂಗಳವಾರ ಬೆಳಿಗ್ಗೆ ಅವರು ಭಾವಮೈದನಿಗೆ ಫೋನ್ ಮಾಡಿದರು. ಹೆಂಡತಿಯ ತಮ್ಮ. ಟ್ರ್ಯಾಕ್ಟರ್ ರಿಪೇರಿ ಗ್ಯಾರೇಜು ಇಟ್ಟುಕೊಂಡಿದ್ದ. ಮಾತಿನಲ್ಲಿ ಗಟ್ಟಿಗ, ಆದರೆ ಅವನ ಫೋನು ಮಾತ್ರ ಹೊತ್ತು ಗೊತ್ತಿಲ್ಲದೆ ಕೈಕೊಡುತ್ತಿತ್ತು.

"ಎರಡಕ್ಕೂ ಒಳ್ಳೇದು ಕೆಟ್ಟದ್ದು ಇದೆ ಭಾವ," ಎಂದು ಅವನು ಶುರು ಮಾಡಿದ. "ಮೊದಲು ಹಿಂದಿನದರ ಗುಣ ಹೇಳ್ತೀನಿ ಕೇಳಿ."

ಗೊತ್ತಪ್ಪನವರು ಕೇಳುತ್ತಾ, ಮರೆಯಬಾರದೆಂದು ಒಂದೊಂದನ್ನೂ ಗಟ್ಟಿಯಾಗಿ ತಿರುಗಿ ಹೇಳುತ್ತಾ, ಹಾಳೆಯ ಮೇಲೆ ಗೀಚತೊಡಗಿದರು. ಉಗ್ರಾಣಕ್ಕೂ ಹೆಡ್ ಕ್ಲರ್ಕಿನ ಕೋಣೆಗೂ ನಡುವೆ ಇದ್ದದ್ದು ಬರೀ ಒಂದು ಹಲಗೆಯ ಗೋಡೆ. ಹೆಡ್ ಕ್ಲರ್ಕು ಆ ಗೋಡೆಗೆ ಒರಗಿ ಕೂರುವುದು ಬೆನ್ನು ನೋವಿಗೆ ಎಂದು ಹೇಳಿಕೊಂಡಿದ್ದ. ಅವನ ಬೆನ್ನಿಗೆ ಎಷ್ಟು ಹಿತವಾಗಿತ್ತೋ, ಕಿವಿಗಂತೂ ಅದಕ್ಕಿಂತ ಹೆಚ್ಚು ಹಿತವಾಗಿತ್ತು. ಅವನಿಗೆ ಕೇಳಿಸಿದ್ದು ಇಷ್ಟು:

"ಹೌದಪ್ಪಾ, ಹಿಂದೆ ಇದ್ದದ್ದೇ ವಾಸಿ... ಹನ್ನೆರಡು ವರ್ಷ ಒಂದು ದಿನ ತಕರಾರಿಲ್ಲ, ಸರಿ... ಮುಂದೆ ಬಂದದ್ದು ಭಾರ... ಖರ್ಚೂ ಜಾಸ್ತಿ... ತಗ್ಗು ದಿಣ್ಣೆ ಬಂದ್ರೆ ಮೂತಿ ನೆಲಕ್ಕೆ ಬಡಿಯುತ್ತೆ... ಹ್ಞಾಂ, ಬೇಡ ಅನ್ನಿಸಿದ್ರೆ ಬಿಚ್ಚಿ ಕಳಿಸೋದು ಸುಲಭ... ಹಲೋ? ಹಲೋ?"

ಭಾವಮೈದನ ಫೋನು ಅಷ್ಟಕ್ಕೆ ಕೈಕೊಟ್ಟಿತ್ತು. ಮುಂದಿನದರ ಗುಣಗಳು ಅವನ ಬಾಯಲ್ಲೇ ಉಳಿದವು. ಗೊತ್ತಪ್ಪನವರು ಮತ್ತೆ ಫೋನ್ ಮಾಡಲು ಹೋಗಲಿಲ್ಲ. ಇನ್ನೇನಿರುತ್ತೆ, ಗೊತ್ತೇ ಇದೆಯಲ್ಲ!

ಹೆಡ್ ಕ್ಲರ್ಕು ಹತ್ತು ನಿಮಿಷದೊಳಗೆ ಸೂಪರಿಂಟೆಂಡೆಂಟರ ಮೇಜಿನ ಮುಂದೆ ಕೈಕಟ್ಟಿ ನಿಂತಿದ್ದ. ಸುದ್ದಿಯನ್ನು ಬಿಸಿ ಆರುವ ಮೊದಲು ಮುಟ್ಟಿಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ.

"ನನಗೆ ಹೇಳೋಕೆ ನಾಲಿಗೆ ಬರೋಲ್ಲ ಸಾರ್. ಸ್ಟೋರಿನವರು ಯಾರ ಹತ್ರಾನೋ ಫೋನಲ್ಲಿ ಹೇಳ್ತಿದ್ರು. ಹಿಂದೆ ಇದ್ದದ್ದೇ ವಾಸಿಯಂತೆ. ಮುಂದೆ ಬಂದದ್ದು ಭಾರವಂತೆ."

"ಯಾರ ಬಗ್ಗೆ?"

"ಈ ಕಚೇರಿಯಲ್ಲಿ ಹಿಂದೆ ಇದ್ದೋರು ಯಾರು, ಆಮೇಲೆ ಬಂದೋರು ಯಾರು ಸಾರ್? ನಾನು ಬಾಯಿಬಿಟ್ಟು ಹೇಳ್ಬೇಕಾ? ಅದೂ 'ಇದ್ದವರು', 'ಬಂದವರು' ಅಂತ ಮರ್ಯಾದೆಯಾಗಿ ಅನ್ನಲಿಲ್ಲ ಸಾರ್. 'ಇದ್ದದ್ದು', 'ಬಂದದ್ದು' ಅಂದ್ರು!"

ಸೂಪರಿಂಟೆಂಡೆಂಟರು ತಮ್ಮ ಮುಂಗೈ ನೋಡಿಕೊಂಡರು. ಕೈಗಡಿಯಾರ ಮೊಣಕೈವರೆಗೂ ಸಲೀಸಾಗಿ ಜಾರುವಂಥ ಕೈ ಅದು. "ಭಾರ ಅಂದ್ರಾ? ನನ್ನನ್ನಾ?"

"ಮೂತಿ ನೆಲಕ್ಕೆ ಬಡಿಯುತ್ತೆ ಅಂತಾನೂ ಅಂದ್ರು," ಎಂದು ಹೆಡ್ ಕ್ಲರ್ಕು ಕಣ್ಣು ಮುಚ್ಚಿಕೊಂಡ.

ಬುಧವಾರ ಗೊತ್ತಪ್ಪನವರು ಉಗ್ರಾಣದಲ್ಲಿ ಬೀಜದ ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದರು. ಸೂಪರಿಂಟೆಂಡೆಂಟರು ಒಳಗೆ ಬಂದರು. ಒಂದು ಮಾತೂ ಆಡದೆ ಗೊಬ್ಬರದ ಚೀಲ ತೂಗುವ ತಕ್ಕಡಿಯ ಹಲಗೆಯ ಮೇಲೆ ಚಪ್ಪಲಿ ಬಿಟ್ಟು ಹತ್ತಿ ನಿಂತರು.

"ಎಷ್ಟು ತೋರಿಸ್ತಾ ಇದೆ?"

"ಐವತ್ತೊಂದು ಸಾರ್."

"ಐವತ್ತೊಂದು ಕೇಜಿ ಭಾರ ಅಂತೀರಾ ನೀವು?"

ಸಾಹೇಬರು ಟಿಪ್ಪಣಿಯ ವಿಷಯವಾಗಿ ತಮ್ಮನ್ನು ಪರೀಕ್ಷೆ ಮಾಡಲು ಬಂದಿದ್ದಾರೆ ಎಂದುಕೊಂಡರು ಗೊತ್ತಪ್ಪ. ಉದಾಹರಣೆಗೆ ತಾವೇ ತಕ್ಕಡಿ ಹತ್ತಿದ್ದಾರೆ, ಎಂಥ ಶ್ರದ್ಧೆ! ಭಾವಮೈದ ಹೇಳಿದ್ದನ್ನು ನೆನಪಿಸಿಕೊಂಡು ಶುರು ಮಾಡಿದರು.

"ತೂಕ ಎಷ್ಟು ಅನ್ನೋದು ದೊಡ್ಡದಲ್ಲ ಸಾರ್. ಅದು ಎಲ್ಲಿ ಕೂತಿದೆ ಅನ್ನೋದು ಮುಖ್ಯ. ಐವತ್ತೇ ಕೇಜಿ ಇರಲಿ, ಮುಂದೆ ಹೋಗಿ ಕೂತ್ಕೊಂಡ್ರೆ ಇಡೀ ಗಾಡಿಗೆ ಭಾರ."

ಸೂಪರಿಂಟೆಂಡೆಂಟರ ಮುಖ ಇನ್ನೂ ಸಣ್ಣದಾಯಿತು. "ಹಿಂದೆ ಇದ್ದದ್ದು ಇನ್ನೂ ಭಾರವಾಗಿರಲಿಲ್ವಾ?"

"ಇತ್ತು ಸಾರ್. ಆದ್ರೆ ಅದಕ್ಕೆ ಎಲ್ಲಾ ಒಗ್ಗಿಹೋಗಿತ್ತು. ಭಾರ ಅಂತ ಅನ್ನಿಸ್ತಾನೇ ಇರಲಿಲ್ಲ."

"ಹಾಗಾದ್ರೆ ಮುಂದೆ ಇರೋದನ್ನ ಏನು ಮಾಡೋಣ ಅಂತೀರಿ?"

"ಸರಿಹೋಗದಿದ್ರೆ ಬಿಚ್ಚಿ ವಾಪಸು ಕಳಿಸೋದು ಸಾರ್. ಅದೇನು ದೊಡ್ಡ ಕೆಲಸವಾ? ಎರಡು ಪಿನ್ನು ತೆಗೆದ್ರೆ ಆಯ್ತು."

ಎರಡು ಪಿನ್ನು! ಸೂಪರಿಂಟೆಂಡೆಂಟರು ಇಪ್ಪತ್ತಾರು ವರ್ಷ ಸೇವೆ ಮಾಡಿದವರು. ಕಾಗದಕ್ಕೆ ಕಾಗದ ಸೇರಿಸಿ ಮೂಲೆಗೆ ಪಿನ್ನು ಚುಚ್ಚಿದರೆ ಒಬ್ಬ ಮನುಷ್ಯನನ್ನು ಎಲ್ಲಿಂದ ಎಲ್ಲಿಗೆ ಬೇಕಾದರೂ ಎತ್ತಿಹಾಕಬಹುದೆಂದು ಬಲ್ಲವರು. ಆದರೆ ತಮ್ಮನ್ನು ಕಳಿಸುವುದು ಬರೀ ಎರಡು ಪಿನ್ನಿನ ಕೆಲಸ ಎಂದು ಯಾರೂ ಮುಖದ ಮೇಲೆ ಹೇಳಿರಲಿಲ್ಲ. ಅವರು ತಕ್ಕಡಿಯಿಂದ ಇಳಿದು, ಚಪ್ಪಲಿಯನ್ನು ಬಲಗಾಲಿನದು ಎಡಕ್ಕೆ ಎಡಗಾಲಿನದು ಬಲಕ್ಕೆ ಹಾಕಿಕೊಂಡು ಹೊರಟುಹೋದರು. ಗೊತ್ತಪ್ಪನವರು ಹೆಮ್ಮೆಯಿಂದ ಬೀಜದ ಡಬ್ಬಿಗಳ ಕಡೆ ತಿರುಗಿದರು. ಸಾಹೇಬರಿಗೆ ವಿಷಯ ಮನವರಿಕೆಯಾಯಿತೆಂದು ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ ಬದನೆಯ ಚೀಟಿಯನ್ನು ಮೂಲಂಗಿಗೆ ಅಂಟಿಸಿದರು.

ಗುರುವಾರ ಮಧ್ಯಾಹ್ನ ಭಾವಮೈದನೇ ಫೋನ್ ಮಾಡಿದ.

"ಮೊನ್ನೆ ಅರ್ಧಕ್ಕೇ ನಿಂತುಹೋಯ್ತಲ್ಲ ಭಾವ. ನಾನು ಹೇಳಿದ್ದು ಹಿಂದಿನದರ ಗುಣ ಮಾತ್ರ. ಅದನ್ನೇ ಬರೆದುಬಿಟ್ಟಿಲ್ಲ ತಾನೇ?"

"ಬರೆದಿದ್ದೀನಲ್ಲ."

"ಹರಿದುಹಾಕಿ! ಉದ್ಯಾನಕ್ಕೆ ಮುಂದಿನದೇ ಚೆಂದ. ಹಿಂದೆ ಇದ್ರೆ ಓಡಿಸೋರು ತಿರುಗಿ ತಿರುಗಿ ನೋಡಿ ಕತ್ತು ನೋಯಿಸ್ಕೋಬೇಕು. ಹಿಂದೆ ಕಟ್ಟಿದ್ರೆ ಚಕ್ರ ಮೊದಲು ಹುಲ್ಲು ತುಳಿಯುತ್ತೆ, ಆಮೇಲೆ ಮೆಷಿನ್ ಬರುತ್ತೆ. ಮಲಗಿರೋ ಹುಲ್ಲನ್ನ ಅದು ಹೇಗೆ ಕತ್ತರಿಸುತ್ತೆ? ಪಟ್ಟೆ ಪಟ್ಟೆ ಉಳಿದುಬಿಡುತ್ತೆ."

ಗೊತ್ತಪ್ಪನವರು ಕಿಟಕಿಯಿಂದ ಹುಲ್ಲುಹಾಸಿನ ಕಡೆ ನೋಡಿದರು. ಹನ್ನೆರಡು ವರ್ಷದಿಂದ ನೋಡುತ್ತಿದ್ದ ಪಟ್ಟೆಗಳು. ಅದು ಯಾರೋ ಕಲಾವಿದರು ಯೋಚನೆ ಮಾಡಿ ಹಾಕಿಸಿದ ವಿನ್ಯಾಸ ಎಂದು ಎಷ್ಟೋ ಜನರಿಗೆ ಅವರೇ ವಿವರಿಸಿದ್ದರು.

ಆವತ್ತು ಸಂಜೆ ಮನೆಯಲ್ಲಿ ಕೂತು ಹೊಸ ಟಿಪ್ಪಣಿ ಬರೆದರು. ಮನೆಯೆಂದರೆ ಒಂದು ಕಟ್ಟಡದ ಹಿಂದಿನ ಭಾಗ. ಎರಡು ಕೋಣೆ, ಒಂದು ಅಡಿಗೆಮನೆ. ಒಂದೇ ಕಿಟಕಿ, ಅದರ ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಹೆಂಡತಿ ಅದರೊಳಗೇ ಹೊಲಿಗೆ ಮೆಷಿನ್ ಇಟ್ಟುಕೊಂಡು, ಹಗಲಲ್ಲೂ ದೀಪ ಹಾಕಿಕೊಂಡು, ಬಗ್ಗಿ ಬಗ್ಗಿ ಹೊಲಿಯುತ್ತಿದ್ದಳು. ಓಣಿಯೊಳಗೆ ನುಗ್ಗಿ ಹಿಂದಕ್ಕೆ ಬರಬೇಕಾದ್ದರಿಂದ ಗಿರಾಕಿಗಳೂ ಕಡಿಮೆ. ಬೀದಿಗೆ ಮುಖ ಮಾಡಿದ್ದ ಮುಂದಿನ ಭಾಗ ತಿಂಗಳ ಹಿಂದೆ ಖಾಲಿಯಾಗಿತ್ತು. ಅದಕ್ಕೆ ಹೋಗೋಣವೇ ಎಂದು ಆಕೆ ಗಂಡನನ್ನು ನಾಲ್ಕು ಸಲ ಕೇಳಿದ್ದಳು. ನಾಲ್ಕು ಸಲವೂ ಅವರು ಪ್ರಶ್ನೆ ಮುಗಿಯುವ ಮೊದಲೇ "ಗೊತ್ತು, ಗೊತ್ತು" ಅಂದಿದ್ದರು.

ಗೊತ್ತಪ್ಪನವರು ಬರೆದದ್ದನ್ನು ಎದ್ದು ನಿಂತು, ನಾಳೆಯ ಅಭ್ಯಾಸಕ್ಕೆಂದು ಗಟ್ಟಿಯಾಗಿ ಓದಿದರು.

"ಎಲ್ಲ ದೃಷ್ಟಿಯಿಂದಲೂ ಮುಂದಿನದೇ ಉತ್ತಮ. ಕೆಲಸ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಖರ್ಚು ಸ್ವಲ್ಪ ಹೆಚ್ಚಾದರೂ ಚಿಂತೆಯಿಲ್ಲ. ಕೆಲಸ ಮಾಡುವವರು ಇಷ್ಟು ವರ್ಷ ಕತ್ತು ನೋಯಿಸಿಕೊಂಡದ್ದು ಸಾಕು."

ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ಸೌಟು ಹಿಡಿದು ನಿಂತಿದ್ದಳು. ಆಕೆಯ ಕಣ್ಣು ತುಂಬಿತ್ತು.

"ರೀ... ಮುಂದಿನದೇ ಅಂತಾನಾ?"

"ಮುಂದಿನದೇ. ತೀರ್ಮಾನ ಆಯ್ತು."

"ಕತ್ತಿನ ವಿಷಯ ನೀವು ಗಮನಿಸಿದ್ದೀರಾ ಅಂತಾನೇ ನನಗೆ ಗೊತ್ತಿರಲಿಲ್ಲ."

"ಗಮನಿಸದೆ ಏನು? ಎಲ್ಲಾ ಗಮನಿಸಿದ್ದೀನಿ," ಅಂದರು ಗೊತ್ತಪ್ಪ. ಕಣ್ಣು ಹಾಳೆಯ ಮೇಲೇ ಇತ್ತು, 'ದೃಷ್ಟಿ'ಗೆ ಷಕಾರ ಸರಿಯಾಗಿದೆಯೇ ಎಂದು ನೋಡುತ್ತಿದ್ದರು.

"ಓನರಮ್ಮನಿಗೆ ಹೇಳಿಬಿಡ್ಲಾ?"

ತಮ್ಮ ಟಿಪ್ಪಣಿಯ ಕೀರ್ತಿ ಮನೆಯ ಒಡತಿಯವರೆಗೂ ಹಬ್ಬುತ್ತದೆ ಎಂದರೆ ಯಾರಿಗೆ ಬೇಡ?

"ಹೇಳು, ಹೇಳು. ಓನರಮ್ಮನಿಗೊಬ್ಬರಿಗೇ ಯಾಕೆ? ಬೀದಿಗೆಲ್ಲ ಹೇಳು!"

ಶುಕ್ರವಾರ ಹನ್ನೊಂದು ಗಂಟೆಗೆ ಹುಲ್ಲುಹಾಸಿನ ಹತ್ತಿರ ಎಲ್ಲರೂ ಸೇರಿದರು. ಕಂಪನಿಯವನು ಎರಡೂ ಮೆಷಿನ್ ತಂದಿದ್ದ. ಹಿಂದೆ ಕಟ್ಟುವುದನ್ನು ಟ್ರ್ಯಾಕ್ಟರಿನ ಬೆನ್ನಿಗೆ ಆಗಲೇ ಜೋಡಿಸಿದ್ದ. ಮುಂದಿನದು ನೆಲದ ಮೇಲೆ ಕಾಯುತ್ತಿತ್ತು. ಸೂಪರಿಂಟೆಂಡೆಂಟರ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು. ಅವರ ಜೇಬಿನಲ್ಲಿ ಒಂದು ಕಾಗದವೂ ಇತ್ತು. ತಮ್ಮನ್ನು ಬೇರೆಲ್ಲಿಗಾದರೂ ವರ್ಗ ಮಾಡಬೇಕೆಂದು ಕೋರಿ ಬರೆದ ಅರ್ಜಿ. ಮೂಲೆಗೆ ಎರಡು ಪಿನ್ನು ಚುಚ್ಚಿದ್ದರು.

"ಹಿಂದೆ ಇದ್ದದ್ದೇ ವಾಸಿ ಅಂತ ನಿಮ್ಮ ಅಭಿಪ್ರಾಯವಂತಲ್ಲ," ಎಂದರು ಗೊತ್ತಪ್ಪನವರಿಗೆ.

"ಅದು ಮೊನ್ನೆಯ ಮಾತು ಸಾರ್. ಈಗ ಮುಂದೆ ಬಂದದ್ದೇ ವಾಸಿ ಅನ್ನಿಸ್ತಿದೆ."

ಹೆಡ್ ಕ್ಲರ್ಕು ಕೆಮ್ಮಿದ. ಬಣ್ಣ ಬದಲಾಯಿಸುವುದರಲ್ಲಿ ಗೋಸುಂಬೆಗೂ ಸ್ವಲ್ಪ ಹೊತ್ತು ಬೇಕು ಎಂಬ ಅರ್ಥದ ಕೆಮ್ಮು.

"ಎರಡು ದಿನದಲ್ಲಿ ಅಂಥಾ ಬದಲಾವಣೆ ಏನು ಕಂಡಿತು?" ಎಂದರು ಸೂಪರಿಂಟೆಂಡೆಂಟರು.

"ಪೂರ್ತಿ ಗುಣ ಈಗ ತಿಳೀತು ಸಾರ್."

"ಓಹೋ. ಅಷ್ಟೆಲ್ಲಾ ತಿಳಿದವರು ನೀವು. ಹಾಗಾದ್ರೆ ನೀವೇ ಹತ್ತಿ ಓಡಿಸಿ ತೋರಿಸಿ. ಓಡಿಸೋಕೆ ಗೊತ್ತಲ್ಲ?"

ಭೂಮಿಯ ಮೇಲಿನ ಬೇರೆ ಯಾವ ಮನುಷ್ಯನಿಗಾದರೂ ಇಲ್ಲಿ ಒಂದು ಅವಕಾಶವಿತ್ತು. ಗೊತ್ತಪ್ಪನವರಿಗೆ ಇರಲಿಲ್ಲ.

"ಗೊತ್ತು ಸಾರ್," ಎಂದು ಹತ್ತಿ ಕೂತರು.

"ಅಣ್ಣಾ, ಕ್ಲಚ್ಚು ಎಡಗಾಲಿಗೆ," ಎಂದು ಡ್ರೈವರಮ್ಮ ಮೆಲ್ಲಗೆ ಹೇಳಿದರು. "ನಿಧಾನ ಬಿಡಬೇಕು, ಆಮೇಲೆ ಬ್ರೇಕು..."

"ಗೊತ್ತಮ್ಮ."

ಟ್ರ್ಯಾಕ್ಟರು ಒಮ್ಮೆ ಕುಪ್ಪಳಿಸಿ, ಮನುಷ್ಯ ನಡೆಯುವ ವೇಗದಲ್ಲಿ ಹೊರಟಿತು. ಹುಲ್ಲು ಹೇಗೆ ಕತ್ತರಿಸುತ್ತಿದೆ ಎಂದು ನೋಡಲು ಗೊತ್ತಪ್ಪನವರು ಹಿಂದಕ್ಕೆ ತಿರುಗಿದರು. ಮೆಷಿನ್ ಹಿಂದಿದ್ದರೆ ಹಿಂದೆಯೇ ನೋಡಬೇಕಲ್ಲ! ಕತ್ತರಿಸಿದ ಹುಲ್ಲು ಹಸಿರು ಹಸಿರಾಗಿ ಚಿಮ್ಮುತ್ತಿತ್ತು. ಅವರಿಗೆ ಮೈಮೇಲೆ ಎಚ್ಚರ ತಪ್ಪುವಷ್ಟು ಸಂತೋಷವಾಯಿತು.

"ನೋಡಿ ಸಾರ್, ನೋಡಿ!"

ದೂರದಲ್ಲಿ ಎಲ್ಲರೂ ಎರಡೂ ಕೈ ಎತ್ತಿ ಬೀಸುತ್ತಿದ್ದರು. ಗೊತ್ತಪ್ಪನವರೂ ಒಂದು ಕೈ ಎತ್ತಿ ಬೀಸಿದರು. ಅವರೆಲ್ಲ ಕೂಗುತ್ತಲೂ ಇದ್ದರು. ಎಂಜಿನ್ ಸದ್ದಿನಲ್ಲಿ ಕೇಳಿಸದಿದ್ದರೂ, ಹೊಗಳಿಕೆ ಎಂದು ಗೊತ್ತಿತ್ತು.

ಉದ್ಯಾನದ ಗೇಟಿನ ಪಕ್ಕದ ಇಳಿಜಾರಿನಲ್ಲಿ ಗಿಡಗಳನ್ನೇ ಅಕ್ಷರದ ಆಕಾರಕ್ಕೆ ಕತ್ತರಿಸಿ, ಆಳೆತ್ತರದಲ್ಲಿ 'ಸುಸ್ವಾಗತ' ಎಂದು ಬೆಳೆಸಿದ್ದರು. ಹಿಂದಿನ ಸೂಪರಿಂಟೆಂಡೆಂಟರು ಒಂಬತ್ತು ವರ್ಷ ಜೋಪಾನ ಮಾಡಿದ ಅಕ್ಷರಗಳು. ಟ್ರ್ಯಾಕ್ಟರು ನೇರವಾಗಿ ಹೋಗಿ ಮೊದಲನೇ ಅಕ್ಷರದ ಹೊಟ್ಟೆಯೊಳಕ್ಕೆ ನುಗ್ಗಿತು. ಕೊಂಬೆಗಳು ಲಟಲಟ ಮುರಿದವು. ಅಷ್ಟರಲ್ಲಿ ಡ್ರೈವರಮ್ಮ ಓಡಿಬಂದು, ಮೆಟ್ಟಿಲಿಗೆ ನೆಗೆದು, ಗೊತ್ತಪ್ಪನವರ ತೊಡೆಯ ಮೇಲಿಂದ ಕೈ ಚಾಚಿ ಕೀಲಿ ತಿರುಗಿಸಿದರು. ಎಂಜಿನ್ ನಿಂತಿತು. ಗೊತ್ತಪ್ಪನವರ ತಲೆ ಮಾತ್ರ ಎಲೆಗಳ ಮೇಲೆ ಕಾಣುತ್ತಿತ್ತು. ಕಿವಿಗೆ ಒಂದು ಹೂವು ಸಿಕ್ಕಿಕೊಂಡಿತ್ತು.

ಮೊದಲು ಮಾತಾಡಿದವರು ಅಲ್ಲಿ ಯಾರೂ ನಿರೀಕ್ಷಿಸದವರು. ದಿನಾ ವಾಕಿಂಗ್ ಬರುವ ನಿವೃತ್ತ ಕನ್ನಡ ಮೇಷ್ಟ್ರು. ಕೋಲು ಊರಿಕೊಂಡು ಹತ್ತಿರ ಬಂದು, ಉಳಿದ ಅಕ್ಷರಗಳನ್ನು ಕನ್ನಡಕ ಏರಿಸಿ ಓದಿದರು.

"ಸ್ವಾಗತ! ಅಬ್ಬಾ, ಕೊನೆಗೂ ತಿದ್ದಿದ್ರಲ್ಲ! ಎಂಟು ಅರ್ಜಿ ಬರೆದಿದ್ದೀನಿ ಸ್ವಾಮಿ ಈ ಕಚೇರಿಗೆ. ಸ್ವಾಗತ ಅನ್ನೋದರಲ್ಲೇ ಒಂದು 'ಸು' ಸೇರಿಕೊಂಡಿದೆ. ಅದಕ್ಕೆ ಇನ್ನೊಂದು 'ಸು' ಹಚ್ಚೋದು ಟೋಪಿ ಮೇಲೆ ಟೋಪಿ ಇಟ್ಟ ಹಾಗೆ. ಒಬ್ಬರಾದ್ರೂ ಧೈರ್ಯ ಮಾಡಿದ್ರಲ್ಲ!" ಎಂದು ಗಿಡದೊಳಗೆ ಕೈ ತೂರಿಸಿ ಗೊತ್ತಪ್ಪನವರ ಕೈ ಕುಲುಕಿದರು.

"ಸಾರ್, ಸಾರ್ವಜನಿಕ ಅಕ್ಷರಕ್ಕೆ ಹಾನಿ ಮಾಡಿದ್ದಾರೆ!" ಎಂದು ಹೆಡ್ ಕ್ಲರ್ಕು ಏದುಸಿರು ಬಿಡುತ್ತಾ ಬಂದ. "ನೋಟೀಸು ಕೊಡ್ಬೇಕು!"

ಸೂಪರಿಂಟೆಂಡೆಂಟರು ಅವನ ಕಡೆ ನೋಡಲಿಲ್ಲ. "ಸ್ಟೋರಿನವರೇ, ನಿಜ ಹೇಳಿ. ನಿಮಗೆ ಓಡಿಸೋಕೆ ಗೊತ್ತಿತ್ತಾ?"

ಗೊತ್ತಪ್ಪನವರು ಬಾಯಿ ತೆರೆದರು. ಮುಚ್ಚಿದರು. ಇನ್ನೊಮ್ಮೆ ತೆರೆದರು.

"ಗೊತ್ತಿರಲಿಲ್ಲ ಸಾರ್."

ಮಾಲಿಯೊಬ್ಬ ಕೈಯಲ್ಲಿದ್ದ ನೀರಿನ ಪೈಪನ್ನು ತನ್ನ ಕಾಲ ಮೇಲೇ ಬಿಟ್ಟುಕೊಂಡ. ಬಾಯಿಬಿಟ್ಟ ಮೇಲೆ ಗೊತ್ತಪ್ಪನವರಿಗೂ ತಡೆಯಲಾಗಲಿಲ್ಲ. "ಮುಂದಿನದು ಹಿಂದಿನದು ಅನ್ನೋದೂ ಗೊತ್ತಿರಲಿಲ್ಲ ಸಾರ್. ಭಾವಮೈದನ್ನ ಕೇಳಿ ಬರ್ಕೊಂಡೆ. ಅರ್ಧ ಮಂಗಳವಾರ ಕೇಳಿದೆ, ಅರ್ಧ ನಿನ್ನೆ."

"ಮಂಗಳವಾರ ಫೋನಲ್ಲಿ ಹಿಂದೆ ಇದ್ದದ್ದೇ ವಾಸಿ ಅಂದದ್ದು...?"

"ಹುಲ್ಲಿನ ಮೆಷಿನ್ ಸಾರ್."

"ಮುಂದೆ ಬಂದದ್ದು ಭಾರ ಅಂದದ್ದು?"

"ಅದೂ ಮೆಷಿನ್ನೇ."

"ಮೂತಿ?"

"ಟ್ರ್ಯಾಕ್ಟರ್ದು ಸಾರ್."

"ಎರಡು ಪಿನ್ನು?"

ಗೊತ್ತಪ್ಪನವರು ಗಿಡದೊಳಗಿಂದಲೇ ಬೆರಳು ತೋರಿಸಿದರು. ಮೆಷಿನನ್ನು ಟ್ರ್ಯಾಕ್ಟರಿಗೆ ಸೇರಿಸಿದ್ದ ಎರಡು ಕಬ್ಬಿಣದ ಪಿನ್ನುಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಸೂಪರಿಂಟೆಂಡೆಂಟರು ಬಗ್ಗಿ ಅವುಗಳನ್ನು ಮುಟ್ಟಿ ನೋಡಿದರು. ಆಮೇಲೆ ಜೇಬಿನಿಂದ ಕಾಗದ ತೆಗೆದು ನಾಲ್ಕು ಚೂರು ಮಾಡಿದರು. ಮೂರು ವಾರದಲ್ಲಿ ಮೊದಲ ಸಲ ಅವರು ನಕ್ಕದ್ದು ಆಗಲೇ. ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ನಗು ಬಂದೀತೆಂದು ಯಾರೂ ಎಣಿಸಿರಲಿಲ್ಲ. ಹೆಡ್ ಕ್ಲರ್ಕು ಬೆನ್ನು ಹಿಡಿದುಕೊಂಡು ಕಚೇರಿಯ ಕಡೆ ಹೆಜ್ಜೆ ಹಾಕತೊಡಗಿದ. ಅವನನ್ನು ಕರೆದು, "ಇಲ್ಲಿ ಬಿದ್ದಿರೋ ಕೊಂಬೆ ಎಲ್ಲಾ ನೀವೇ ನಿಂತು ತೆಗೆಸಿ," ಎಂದರು.

"ಈಗ ಯಾವುದು ತಗೊಳ್ಳೋದು ಅನ್ನೋದು ಹಾಗೇ ಉಳೀತಲ್ಲ," ಎಂದ ಕಂಪನಿಯವನು.

"ಅವರನ್ನ ಕೇಳಿ ಸಾರ್," ಎಂದರು ಗೊತ್ತಪ್ಪ, ಡ್ರೈವರಮ್ಮನ ಕಡೆ ತೋರಿಸಿ. "ಸೋಮವಾರ ಅವರು ಏನೋ ಹೇಳೋಕೆ ಬಂದ್ರು. ನಾನೇ ಬಿಡಲಿಲ್ಲ."

ಡ್ರೈವರಮ್ಮ ಸೆರಗಿಗೆ ಕೈ ಒರೆಸಿಕೊಂಡರು.

"ನೋಡ್ಕೊಂಡು ಮಾಡೋ ಕೆಲಸ ಮುಂದೆ ಇರಲಿ ಸಾರ್, ಎಳ್ಕೊಂಡು ಹೋಗೋ ಕೆಲಸ ಹಿಂದೆ ಇರಲಿ. ಹುಲ್ಲಿನ ಮೆಷಿನ್ ಮುಂದೆ ಕಟ್ಟಿ. ಮರದ ಬುಡ, ಬೆಂಚಿನ ಕೆಳಗೆ ಎಲ್ಲಾ ಮೂತಿ ತೂರಿಸಿ ಕತ್ತರಿಸ್ಬಹುದು. ಎಲೆ ತುಂಬೋ ಗಾಡಿ ಹಿಂದೆ ಇದ್ರೆ ಸಾಕು, ಅದನ್ನ ಯಾರೂ ನೋಡ್ತಾ ಕೂರಬೇಕಿಲ್ಲ. ಮುಂದೆ ಭಾರ ಆಗುತ್ತೆ ಅಂದದ್ದು ಸುಳ್ಳಲ್ಲ. ಕೊಳದ ಹತ್ರ ಇಳಿಜಾರಲ್ಲಿ ಹಿಂದಿನ ಚಕ್ರ ಹಗುರ ಆಗುತ್ತೆ. ಅಲ್ಲಿಗೆ ಹೋಗೋವಾಗ ಹಿಂದುಗಡೆ ಒಂದೆರಡು ತೂಕದ ಕಲ್ಲು ಹಾಕ್ಕೊಂಡ್ರೆ ಆಯ್ತು."

"ಈ ಟ್ರ್ಯಾಕ್ಟರಿಗೆ ಮುಂದುಗಡೆ ಮೆಷಿನ್ ತಿರುಗಿಸೋ ಶಾಫ್ಟು ಇದೆಯಾ?" ಎಂದರು ಸೂಪರಿಂಟೆಂಡೆಂಟರು.

"ಇದೆ ಸಾರ್. ಮುಚ್ಚಳ ಹಾಕಿದ್ದಾರೆ. ಬಂದ ದಿನಾನೇ ತೆಗೆದು ನೋಡಿದೆ."

"ಹನ್ನೆರಡು ವರ್ಷ ಹಿಂದ್ಗಡೆ ಕಟ್ಟಿಕೊಂಡು ಓಡಿಸಿದ್ರಲ್ಲಮ್ಮಾ, ಯಾಕೆ ಯಾರಿಗೂ ಹೇಳಲಿಲ್ಲ?"

"ಯಾರೂ ಕೇಳಲಿಲ್ಲ ಸಾರ್," ಅಂದರು ಡ್ರೈವರಮ್ಮ. ದೂರಿನ ಧಾಟಿಯೇನೂ ಇರಲಿಲ್ಲ. ಕೇಳಿದರು, ಹೇಳಿದರು, ಅಷ್ಟೆ. ಸೂಪರಿಂಟೆಂಡೆಂಟರು ಅಲ್ಲೇ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಆಕೆ ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡು, ಕೆಳಗೆ ಆಕೆಯಿಂದಲೇ ಸಹಿ ಹಾಕಿಸಿದರು. ಗೊತ್ತಪ್ಪನವರು ತಮ್ಮ ಟಿಪ್ಪಣಿಯನ್ನು ಮಡಿಸಿ ಜೇಬಿಗೆ ಹಾಕಿಕೊಂಡರು.

ಸಂಜೆ ಅವರು ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಒಳಗೆ ಮಂಚವಿಲ್ಲ. ಪಾತ್ರೆಯಿಲ್ಲ. ಗೋಡೆಗೆ ಹೊಡೆದ ಮೊಳೆಗಳಷ್ಟೇ ಇದ್ದವು.

"ಕಳ್ಳರು! ಕಳ್ಳರು!" ಎಂದು ಗೊತ್ತಪ್ಪನವರು ಓಣಿಗೆ ಓಡಿಬಂದರು.

ಓನರಮ್ಮ ಮೇಲಿನ ಮೆಟ್ಟಿಲಿಂದ ಬಗ್ಗಿ ನೋಡಿದರು. "ಯಾವ ಕಳ್ಳರು? ಮುಂದಿನದೇ ತೀರ್ಮಾನ ಅಂತ ನೀವೇ ಹೇಳಿದ್ರಂತಲ್ಲ. ಬೀದಿಗೆಲ್ಲ ಹೇಳು ಅಂತ ಬೇರೆ ಅಂದ್ರಂತೆ. ನಿಮ್ಮಾಕೆ ಹಾಗೇ ಮಾಡಿದ್ದಾಳೆ. ಬೀದಿಯವರೆಲ್ಲ ಬಂದು ತಲೆಗೊಂದು ಸಾಮಾನು ಎತ್ತಿ ಒಂದೇ ಗಂಟೇಲಿ ಸಾಗಿಸಿದ್ರು!"

ಗೊತ್ತಪ್ಪನವರು ಅಲ್ಲೇ ನಿಂತು ನಿನ್ನೆಯ ಮಾತುಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡರು. ಪೂರ್ತಿ ನೆನಪಾಗುವ ಹೊತ್ತಿಗೆ ಅವರ ಮುಖ ಒಂದು ಸಲ ಕೆಂಪಗೆ, ಒಂದು ಸಲ ಬೆಳ್ಳಗೆ ಆಯಿತು.

ಮುಂದಿನ ಭಾಗದ ಕೋಣೆಯಲ್ಲಿ ಗಂಟುಮೂಟೆಗಳ ನಡುವೆ ಹೆಂಡತಿ ನಿಂತಿದ್ದಳು. ಬೀದಿಯ ಕಡೆ ಎರಡು ದೊಡ್ಡ ಕಿಟಕಿ. ಸಂಜೆಯ ಬೆಳಕು ನೆಲದ ತುಂಬ ಬಿದ್ದಿತ್ತು. ಆಕೆ ಒಂದು ತುಂಡು ಬಟ್ಟೆಯನ್ನು ಬೆಳಕಿಗೆ ಹಿಡಿದು, ಅದರ ನಿಜವಾದ ಬಣ್ಣ ಇದೇನಾ ಎಂದು ನೋಡುತ್ತಿದ್ದಳು.

"ಬಂದ್ರಾ? ಆಫೀಸಲ್ಲಿ ಏನಾಯ್ತು? ತಲೆ ತುಂಬಾ ಎಲೆ ಇದೆಯಲ್ಲ."

"ಅದೇ ಹೇಳ್ಬೇಕು ಅಂತಿದ್ದೆ. ನಿನ್ನೆ ನಾನು ಓದಿದ್ದು..."

"ಕತ್ತಿನ ವಿಷಯ ತಾನೇ? ನನ್ನ ತಮ್ಮನಿಗೂ ಫೋನ್ ಮಾಡಿ ಹೇಳಿದೆ. ಭಾವನಿಗೆ ನಿನ್ನ ಮೇಲೆ ಇಷ್ಟೊಂದು ಕಾಳಜಿನಾ ಅಂತ ಅವನು ಒಂದು ನಿಮಿಷ ಮಾತೇ ಆಡಲಿಲ್ಲ."

ಗೊತ್ತಪ್ಪನವರ ಬಾಯಿ ತೆರೆದೇ ಇತ್ತು. ಭಾವಮೈದನಿಗೆ ಸತ್ಯ ಗೊತ್ತು, ಆದರೂ ಸುಮ್ಮನಿದ್ದಾನೆ. ಹುಲ್ಲಿನ ಮೆಷಿನ್ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅವರು ಹೆಂಡತಿಯ ಮುಖ ನೋಡಿದರು, ಕಿಟಕಿ ನೋಡಿದರು, ಬಾಗಿಲ ಬಳಿ ಬೀದಿಯವರು ತಂದಿಟ್ಟು ಹೋಗಿದ್ದ ಹೊಲಿಗೆ ಮೆಷಿನ್ ನೋಡಿದರು.

"ಮೆಷಿನ್..." ಅಂದರು.

"ಮೆಷಿನ್ ಏನು?"

"ಎಲ್ಲಿ ಇಡೋಣ ಅಂತ."

"ಆ ಕಿಟಕಿ ಹತ್ರ. ಬೆಳಕು ಎಡಗಡೆಯಿಂದ ಬೀಳೋ ಹಾಗೆ."

"ಯಾಕೆ ಎಡಗಡೆಯಿಂದ?"

ಹೆಂಡತಿ ಬಟ್ಟೆ ಕೆಳಗಿಟ್ಟು ಗಂಡನನ್ನು ನೋಡಿದಳು. ನಿಜವಾಗಿ ಕೇಳುತ್ತಿದ್ದಾರೆ ಎಂದು ಖಾತ್ರಿಯಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಬಲಗೈ ಆಡ್ತಾ ಇರುತ್ತಲ್ಲ? ಬೆಳಕು ಆ ಕಡೆಯಿಂದ ಬಂದ್ರೆ ಕೈಯ ನೆರಳು ಸೂಜಿ ಮೇಲೆ ಬೀಳುತ್ತೆ. ಹೊಲಿಗೆ ಕಾಣಲ್ಲ. ಕಾಣಲ್ಲ ಅಂತ ಬಗ್ತೀನಿ, ಬಗ್ಗಿದ್ರೆ ಕತ್ತು."

ಗೊತ್ತಪ್ಪನವರು ಕೊನೆಯ ಶಬ್ದದವರೆಗೂ ಕೇಳಿಸಿಕೊಂಡರು. ಇಬ್ಬರೂ ಎರಡು ಕಡೆ ಹಿಡಿದು ಮೆಷಿನ್ ಎತ್ತಿದರು. ಆಕೆ ಹೇಳಿದ ಕಡೆ, ಆಕೆ ಹೇಳಿದಷ್ಟು ಓರೆಯಾಗಿ ಇಟ್ಟರು. ಅವರು ಸೊಂಟ ನೆಟ್ಟಗೆ ಮಾಡಿಕೊಳ್ಳುವಷ್ಟರಲ್ಲಿ ಬೀದಿಯಲ್ಲಿ ಹೋಗುತ್ತಿದ್ದ ಹೆಂಗಸೊಬ್ಬಳು ಕಿಟಕಿಯ ಹತ್ತಿರ ನಿಂತು ಒಳಗೆ ಇಣುಕಿದಳು.

"ಇಲ್ಲಿ ಬಟ್ಟೆ ಹೊಲೀತಾರಾ?"

ಗೊತ್ತಪ್ಪನವರು ಹೆಂಡತಿಯ ಕಡೆ ನೋಡಿದರು.

"ಹೊಲೀತೀನಿ, ಒಳಗೆ ಬನ್ನಿ," ಅಂದಳು ಆಕೆ.

"ಹೊಸದಾಗಿ ಬಂದಿದ್ದೀರಾ?"

"ಇಲ್ಲಮ್ಮ, ಹನ್ನೊಂದು ವರ್ಷದಿಂದ ಇಲ್ಲೇ ಇದ್ದೀನಿ," ಎಂದು ಆಕೆ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಬಾಗಿಲು ತೆರೆದಳು.